ಮೂರನೇ ನಂಬರಿನ ತೂಕದ ಪೆಟ್ಟಿಗೆ

ತಕ್ಕಡಿಯ ಮುಂದೆ ಕೂತರೆ ಸಾಯಬಣ್ಣ ಉಸಿರು ಬಿಗಿಹಿಡಿಯುತ್ತಿದ್ದ. ಹಾಗೆ ಮಾಡೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗಿರುವ ತಕ್ಕಡಿಗೆ ಹೊರಗೆ ಕೂತವನ ಉಸಿರು ತಗಲುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಆದರೂ ತನ್ನಿಂದ ಅದಕ್ಕೆ ಎಲ್ಲಿ ತೊಂದರೆಯಾದೀತೋ ಎಂಬ ಹೆದರಿಕೆ.

ಮಾಟುಂಗದ ಸಂಜೆ-ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವನು ಹಮಾಲನಾಗಿ ಹನ್ನೊಂದು ವರ್ಷವಾಗಿತ್ತು. ಬಾಟಲಿ ತೊಳೆಯುವವರನ್ನು, ಟೇಬಲ್ಲು ಒರೆಸುವವರನ್ನು ಮುಂಬಯಿಯ ಕಾಲೇಜುಗಳಲ್ಲಿ ಹಮಾಲ ಎಂದೇ ಕರೆಯುತ್ತಾರೆ. ಯಾದಗಿರಿಯ ಕಡೆಯಿಂದ ಅಪ್ಪನ ಜೊತೆ ಇಟ್ಟಿಗೆ ಹೊರಲು ಬಂದವನು ರಾತ್ರಿ ಶಾಲೆಯಲ್ಲಿ ಮ್ಯಾಟ್ರಿಕ್ ಮುಗಿಸಿ, ಆಮೇಲೆ ತಾನೇ ಕಸ ಹೊಡೆದ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಇಂಟರ್ ಸೈನ್ಸ್ ಕೂಡ ಪಾಸು ಮಾಡಿದ್ದ. ಪಾಸಾದ ದಿನ ನೋಟೀಸ್ ಬೋರ್ಡಿನಲ್ಲಿ ತನ್ನ ನಂಬರನ್ನು ನಾಲ್ಕು ಸಲ ಓದಿದ್ದ. ಐದನೆಯ ಸಲ ಬೇರೆಯವರ ಕೈಯಲ್ಲಿ ಓದಿಸಿದ್ದ.

ಈಗ ಲ್ಯಾಬ್ ಅಸಿಸ್ಟೆಂಟಿನ ಜಾಗ ಖಾಲಿಯಾಗಿತ್ತು. ಲ್ಯಾಬಿನ ಮುಖ್ಯಸ್ಥರಾದ ರಮಾನಾಥ ಸರ್ ಅವನ ಹೆಸರು ಹೇಳಿದ್ದರು. ಹಮಾಲನಿಗೆ ಆ ಕೆಲಸ ಕೊಟ್ಟ ಪದ್ಧತಿ ಇಲ್ಲ ಎಂದು ಪ್ರಿನ್ಸಿಪಾಲರು ಒಂದು ಷರತ್ತು ಹಾಕಿದರು. ಶನಿವಾರ ಮಧ್ಯಾಹ್ನ ತಮ್ಮೆದುರಿಗೆ ಸಾಯಬಣ್ಣ ಒಂದು ಪ್ರಯೋಗವನ್ನು ಮೂರು ಸಲ ಮಾಡಿ ತೋರಿಸಬೇಕು. ಮೂರು ಉತ್ತರಗಳ ನಡುವೆ ಪಾಯಿಂಟ್ ಎರಡಕ್ಕಿಂತ ಹೆಚ್ಚಿನ ಅಂತರ ಬರಬಾರದು. ಬಂದರೆ ಹೊರಗಿನವರನ್ನು ಕರೆಯುತ್ತಾರೆ.

ಪ್ರಯೋಗ ಮೊದಲ ವರ್ಷದ ಹುಡುಗರು ಮಾಡುವಂಥದ್ದೇ. ಮೈಲುತುತ್ತದ ನೀಲಿ ಹರಳನ್ನು ಪಿಂಗಾಣಿಯ ಪುಟ್ಟ ಬಟ್ಟಲಲ್ಲಿಟ್ಟು ಕಾಸಿದರೆ, ಹರಳಿನೊಳಗಿನ ನೀರು ಹಾರಿಹೋಗಿ ಅದು ಬೂದಿಯಂತೆ ಬೆಳ್ಳಗಾಗುತ್ತದೆ. ಖಾಲಿ ಬಟ್ಟಲನ್ನು ಒಮ್ಮೆ, ಹರಳು ಹಾಕಿ ಒಮ್ಮೆ, ಕಾಸಿ ಆರಿಸಿ ಒಮ್ಮೆ ತೂಗಿದರೆ, ನೂರಕ್ಕೆ ಎಷ್ಟು ಪಾಲು ನೀರಿತ್ತೆಂದು ಲೆಕ್ಕ ಸಿಗುತ್ತದೆ. ಪುಸ್ತಕದಲ್ಲಿರುವ ಉತ್ತರ ಮೂವತ್ತಾರು ಪಾಯಿಂಟ್ ಒಂದು. ಒಂದು ಗ್ರಾಂ ಹರಳು ತೆಗೆದುಕೊಂಡರೂ ಅಷ್ಟೇ, ಮೂರು ಗ್ರಾಂ ತೆಗೆದುಕೊಂಡರೂ ಅಷ್ಟೇ ಬರಬೇಕು. ಅದಕ್ಕೇ ರಮಾನಾಥ ಸರ್ ಒಂದು, ಎರಡು, ಮೂರು ಗ್ರಾಂ ಹೀಗೆ ಮೂರು ಅಳತೆಯಲ್ಲಿ ಮಾಡೆಂದು ಹೇಳಿದ್ದರು.

ನವರಾತ್ರಿಗೆ ಮುಂಚೆ ಮಾಡಿದಾಗಲೆಲ್ಲ ಸರಿಯಾಗಿ ಬರುತ್ತಿತ್ತು. ದಸರೆ ಕಳೆದು ವಾರವಾದ ಮೇಲೆ, ಮಂಗಳವಾರ ಮಾಡಿದ. ಒಂದು ಗ್ರಾಮಿಗೆ 36.1 ಬಂತು. ಎರಡಕ್ಕೆ 36.7. ಮೂರಕ್ಕೆ 35.8. ಬುಧವಾರ ಮತ್ತೆ ಮಾಡಿದ. ಅವವೇ ಮೂರು ಅಂಕಿಗಳು, ಅದೇ ಕ್ರಮದಲ್ಲಿ.

ಗುರುವಾರ ಮಧ್ಯಾಹ್ನ ತರಗತಿಗಳು ಶುರುವಾಗಲು ಇನ್ನೂ ಮೂರು ತಾಸಿತ್ತು. ಸಾಯಬಣ್ಣ ಬರ್ನರಿನ ಎದುರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ರುಕ್ಮಿಣಿಬಾಯಿ ಕಸಬರಿಗೆ ಹಿಡಿದು ಬಂದಳು. ಅವನ ಪಕ್ಕದೂರಿನವಳು. ಈ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಕಸ ಗುಡಿಸುತ್ತಿದ್ದವಳು ಅವಳು. ಅವನನ್ನು ಇಲ್ಲಿಗೆ ಕರೆತಂದು ಕೆಲಸಕ್ಕೆ ಹಚ್ಚಿದವಳೂ ಅವಳೇ. ಅವಳನ್ನು ಅವನು ಚಿಕ್ಕಮ್ಮನೆಂಬಂತೆ ಕಾಕಿ ಎನ್ನುತ್ತಿದ್ದ.

"ಏನಪಾ, ಮಾರಿ ಯಾಕ ಹಿಂಗ ಮಾಡ್ಕೊಂಡಿ? ಯಾರರ ಸತ್ತಾರೇನು?"

"ಲೆಕ್ಕ ಹೊಂದಲ್ದು ಕಾಕಿ. ಒಂದ ಸಲ ಹೆಚ್ಚ ಬರ್ತದ, ಒಂದ ಸಲ ಕಮ್ಮಿ."

"ಎಷ್ಟ ಬರಬೇಕಾಗಿತ್ತು?"

"ಮೂವತ್ತಾರು. ಮ್ಯಾಲ ಒಂದು."

ರುಕ್ಮಿಣಿಬಾಯಿ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. "ಬುಕ್ಕಿನ್ಯಾಗ ಅದ?"

"ಅದ."

"ನಿನಗೂ ಗೊತ್ತದ, ಸಾಹೇಬ್ರಿಗೂ ಗೊತ್ತದ. ಹಂಗಿದ್ದ ಮ್ಯಾಲ ದಿನಾ ಯಾಕ ಸುಡ್ಲಕತ್ತಿ? ಮೂವತ್ತಾರು ಅಂತ ಬರದು ಕೊಟ್ಟುಬಿಡು."

"ಹಂಗ ಬರೀಬಾರದು ಕಾಕಿ. ಬಂದದ್ದು ಬರೀಬೇಕು."

"ಬಂದದ್ದು ತಪ್ಪಿದ್ರ?"

"ತಪ್ಪಂತ ಬರೀಬೇಕು. ಯಾಕ ತಪ್ಪಾಯಿತು ಹುಡುಕಬೇಕು."

"ಛಲೋ ವಿದ್ಯಾ ಕಲ್ತಿ ಬಿಡು," ಎಂದು ಅವಳು ಅವನ ಟೇಬಲ್ಲಿನ ಕೆಳಗೆ ಕಸಬರಿಗೆ ಆಡಿಸಿದಳು. "ಕಾಲ ಎತ್ತು."

ಸಾಯಬಣ್ಣ ಮೊದಲು ಗುಮಾನಿ ಪಟ್ಟದ್ದು ತನ್ನ ಕಣ್ಣಿನ ಮೇಲೆಯೇ. ಬೆಳಿಗ್ಗೆ ಬೈಕುಲ್ಲಾ ಸ್ಟೇಷನ್ನಿನಲ್ಲಿ ನಿಂತು ಎದುರಿನ ಪ್ಲಾಟ್‌ಫಾರ್ಮಿನ ಜಾಹೀರಾತನ್ನು ಒಂದೊಂದೇ ಕಣ್ಣು ಮುಚ್ಚಿ ಓದಿದ್ದ. ಪಕ್ಕದಲ್ಲಿದ್ದ ಹೆಂಗಸು ತನಗೇ ಕಣ್ಣು ಹೊಡೆಯುತ್ತಿದ್ದಾನೆಂದು ತಿಳಿದು ದೂರ ಸರಿದಿದ್ದಳು. ಎರಡೂ ಕಣ್ಣಿಗೆ ಅಕ್ಷರಗಳು ಸ್ವಚ್ಛವಾಗಿ ಕಂಡಿದ್ದವು. ಆಮೇಲೆ ರೈಲಿನ ಮೇಲೆ ಅನುಮಾನ ಬಂತು. ಲೋಕಲ್ ಹಾದುಹೋದಾಗ ಕಿಟಕಿಯ ಗಾಜು ಗುಣುಗುಡುತ್ತದೆ, ತಕ್ಕಡಿಯ ಮುಳ್ಳೂ ನಡುಗುತ್ತಿರಬೇಕು. ಎರಡು ರೈಲುಗಳ ನಡುವಿನ ಬಿಡುವು ನೋಡಿ ತೂಗಿದ. ಏನೂ ಬದಲಾಗಲಿಲ್ಲ. ಬಟ್ಟಲು ಪೂರ್ತಿ ಆರಿರಲಿಕ್ಕಿಲ್ಲವೆಂದು ಇಪ್ಪತ್ತು ನಿಮಿಷದ ಬದಲು ಒಂದು ತಾಸು ಆರಿಸಿದ. ಅದರಿಂದಲೂ ಬದಲಾಗಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದು ರಮಾನಾಥ ಸರ್ ತರಗತಿಯಲ್ಲಿ ಹೇಳುತ್ತಿದ್ದುದನ್ನು ಅವನು ದೇವರ ಮುಂದೆ ಆಣೆ ಇಟ್ಟವನಂತೆ ಪಾಲಿಸಿದ.

ಒಂದು ಮಾತು ಮಾತ್ರ ಅವನನ್ನು ಕೊರೆಯುತ್ತಿತ್ತು. ಕೈತಪ್ಪಾದರೆ ಇವತ್ತು ಅತ್ತ, ನಾಳೆ ಇತ್ತ ಹೋಗಬೇಕು. ಈ ತಪ್ಪು ಎರಡು ದಿನವೂ ಒಂದೇ ಜಾಗದಲ್ಲಿ ಬಂದು ಕೂತಿತ್ತು. ನೇಮದಿಂದ ಬರುವ ತಪ್ಪಿಗೆ ಎಲ್ಲೋ ಒಂದು ಮನೆ ಇರಲೇಬೇಕು.

ಅವನು ತಾನು ಕೂರುತ್ತಿದ್ದ ಮೂರನೇ ನಂಬರಿನ ತಕ್ಕಡಿಯ ತೂಕದ ಪೆಟ್ಟಿಗೆಯನ್ನು ಎತ್ತಿಕೊಂಡು ಐದನೇ ನಂಬರಿನ ತಕ್ಕಡಿಗೆ ಹೋದ. ಅಲ್ಲಿಯೂ ಎರಡು ಗ್ರಾಮಿಗೆ 36.7 ಬಂತು. ತಪ್ಪು ಅವನ ಜೊತೆಗೇ ನಡೆದು ಬಂದಿತ್ತು. ಅಂದರೆ ತಪ್ಪಿರುವುದು ತಕ್ಕಡಿಯಲ್ಲಲ್ಲ, ಒಂದೋ ತನ್ನಲ್ಲಿ, ಒಂದೋ ಪೆಟ್ಟಿಗೆಯಲ್ಲಿ.

ಪೆಟ್ಟಿಗೆಯ ಮಖಮಲ್ಲಿನ ಕುಳಿಗಳಲ್ಲಿ ಐವತ್ತು ಗ್ರಾಮಿನಿಂದ ಒಂದು ಗ್ರಾಮಿನವರೆಗಿನ ಹಿತ್ತಾಳೆಯ ತೂಕಗಳು ಸಾಲಾಗಿ ಕೂತಿದ್ದವು. ಊರಿನ ರೂಢಿಯಂತೆ ಅವನು ಅವನ್ನು ಕಲ್ಲುಗಳೆಂದೇ ಕರೆಯುತ್ತಿದ್ದ. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಚಿಮುಟದಲ್ಲೇ ಎತ್ತಬೇಕು. ಹುಡುಗರು ಒಟ್ಟು ಮೊತ್ತವನ್ನಷ್ಟೇ ಬರೆದುಕೊಂಡು ಏಳುತ್ತಾರೆ. ಸಾಯಬಣ್ಣನಿಗೆ ಅಷ್ಟು ಧೈರ್ಯವಿರಲಿಲ್ಲ. ಯಾವ ಯಾವ ಕಲ್ಲು ಇಟ್ಟೆನೆಂದು ಒಂದೊಂದನ್ನೂ ಬರೆಯುತ್ತಿದ್ದ, ಖಾಲಿ ಕುಳಿಗಳನ್ನು ನೋಡಿ ಮತ್ತೆ ತಾಳೆ ಹಾಕುತ್ತಿದ್ದ. ಈ ಪುಕ್ಕಲುತನವನ್ನು ಕಂಡು ನಗದವರೇ ಇರಲಿಲ್ಲ.

ಆ ಪುಟಗಳನ್ನೇ ಈಗ ಬಿಡಿಸಿ ಕೂತ. ಸರಿ ಉತ್ತರ ಬಂದ ಒಂದು ಗ್ರಾಮಿನ ಪ್ರಯೋಗದಲ್ಲಿ ಮೂರೂ ತೂಕಕ್ಕೆ ಹತ್ತರ ಕಲ್ಲು ಬಂದಿತ್ತು. ಎರಡು ಗ್ರಾಮಿನದರಲ್ಲಿ ನಡುವಿನ ತೂಕಕ್ಕೆ ಹತ್ತು ಇರಲಿಲ್ಲ, ಇಪ್ಪತ್ತು ಇತ್ತು. ಮೂರು ಗ್ರಾಮಿನದರಲ್ಲಿ ಖಾಲಿ ಬಟ್ಟಲಿಗೆ ಮಾತ್ರ ಹತ್ತು, ಉಳಿದೆರಡಕ್ಕೂ ಇಪ್ಪತ್ತು. ಸುಳ್ಳು ಹೇಳುತ್ತಿದ್ದುದು ಹತ್ತರ ಕಲ್ಲೇ ಇರಬೇಕು. ಅದು ಎಲ್ಲ ಕಡೆ ಇದ್ದಾಗ, ಕಳೆಯುವಲ್ಲಿ ಸುಳ್ಳು ಸುಳ್ಳಿಗೆ ವಜಾ ಆಗಿತ್ತು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಾಗ ಸಿಕ್ಕಿಬಿದ್ದಿತ್ತು.

ಅವನು ಚಿಮುಟದಿಂದ ಹತ್ತರ ಕಲ್ಲನ್ನು ಎಡದ ತಟ್ಟೆಗಿಟ್ಟ. ಬಲಕ್ಕೆ ಐದು, ಎರಡು, ಇನ್ನೊಂದು ಎರಡು, ಒಂದು. ಹತ್ತಕ್ಕೆ ಹತ್ತು. ಮೆಲ್ಲಗೆ ತಕ್ಕಡಿಯ ಹಿಡಿ ತಿರುಗಿಸಿದ. ಎಡದ ತಟ್ಟೆ ಕೆಳಗಿಳಿಯಿತು. ಬಲಕ್ಕೆ ಇಪ್ಪತ್ತು ಮಿಲಿಗ್ರಾಮಿನ ತಗಡಿನ ಚೂರು ಹಾಕಿದ ಮೇಲೆ ಮುಳ್ಳು ನಡುವಿಗೆ ಬಂತು.

ಕಲ್ಲನ್ನು ಎತ್ತಿ ಬೆಳಕಿಗೆ ತಿರುಗಿಸಿ ನೋಡಿದ. ತಳದ ತಗ್ಗಿನಲ್ಲಿ ಗಂಧ ಕಲಸಿದ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು. ದುಂಡಗೆ, ಜೋಳದ ಕಾಳಿನಷ್ಟು ಅಗಲ, ಒಂದು ಚೂರೂ ಆಚೀಚೆ ಹರಡದಂತೆ ಇಟ್ಟಿದ್ದರು. ಹಾಗೆ ಬೊಟ್ಟಿಡುವ ಬೆರಳು ಈ ಲ್ಯಾಬಿನಲ್ಲಿ ಒಂದೇ.

ಖಂಡೇನವಮಿಯ ದಿನ, ಲ್ಯಾಬಿನ ಆಯುಧಪೂಜೆಗೆ ಹೂ ತರಲು ದೇವಸ್ಥಾನದ ಗಲ್ಲಿಗೆ ಹೋಗುವಾಗ ಚಾವಿಯ ಗೊಂಚಲನ್ನು ಅವನೇ ರುಕ್ಮಿಣಿಬಾಯಿಯ ಕೈಗೆ ಕೊಟ್ಟಿದ್ದ. ತೂಕದ ಪೆಟ್ಟಿಗೆಗಳ ಚಾವಿ ಯಾರಿಗೂ ಕೊಡಬಾರದೆಂದು ಬಾಗಿಲ ಹಿಂದೆ ಬರೆದು ಅಂಟಿಸಿತ್ತು. ಅಂಟಿಸಿದವನೂ ಅವನೇ.

ಅವಳು ಆಚೆ ಸಿಂಕಿನಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ಕಾಕಿ, ಇದು ಏನು?"

ಅವಳು ಬಂದು ಬಗ್ಗಿ ನೋಡಿದಳು. ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ಇನ್ನಾ ಅದ? ಛಲೋ ಹತ್ಯದ."

"ಯಾಕ ಹಚ್ಚಿದಿ?"

"ಹ್ವಾದ ವರ್ಷ ಗಾಜಿಗಿ ಹಚ್ಚಿದ್ದಕ್ಕ ಸಾಹೇಬ್ರು ಒದರ್ಯಾಡಿದ್ರಲ್ಲ. ಅದಕ್ಕ ಈ ಸಲ ಕಾಣಲಾರದಂಗ ಬುಡಕ್ಕ ಹಚ್ಚೀನಿ. ಎಲ್ಲಾಕೂ ಹಚ್ಚಿಲ್ಲ, ಇದೊಂದಕ್ಕ. ನೀ ಇದನ್ನ ಭಾಳ ಸಲ ಎತ್ತತಿ, ನೋಡೀನಿ. ನಿನ್ನ ಪರೀಕ್ಷಾ ಅದ ಅಂತ ಹಚ್ಚೀನಪಾ. ಹಚ್ಚಿದ್ರ ಏನಾಯಿತು?"

"ಭಾರ ಆಯಿತು."

"ಕುಂಕುಮ ಭಾರ ಆಗ್ತದೇನೋ?"

"ಇಪ್ಪತ್ತು ಮಿಲಿಗ್ರಾಂ."

"ಅಂದ್ರ ಎಷ್ಟು?"

ಸಾಯಬಣ್ಣ ಯೋಚಿಸಿದ. "ಒಂದ ಅಕ್ಕಿಕಾಳಿನಷ್ಟು."

"ಒಂದ ಅಕ್ಕಿಕಾಳಿಗೆ ಮೂರ ದಿನ ಉಣಲಾರದಂಗ ಕುಂತಿದಿ," ಎಂದಳು ಅವಳು. ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದಳು. "ಒರಸಿಬಿಡು ಮತ್ತ. ಯಾರಿಗಿ ತಿಳೀತದ?"

ಒರೆಸುವುದು ಒಂದು ಕ್ಷಣದ ಕೆಲಸ. ಅವನು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿಯೂ ಆಗಿತ್ತು. ಒರೆಸಿದರೆ ಶನಿವಾರ ಮೂರೂ ಉತ್ತರ ಸರಿಯಾಗಿ ಬರುತ್ತವೆ, ಕೆಲಸ ಸಿಗುತ್ತದೆ. ಒರೆಸದೆ ಹೇಳಿದರೆ ಚಾವಿ ಕೊಟ್ಟ ಮಾತೂ ಹೊರಬೀಳುತ್ತದೆ. ಹಮಾಲ ಕೊನೆಗೂ ಹಮಾಲನೇ ಎಂದು ಪ್ರಿನ್ಸಿಪಾಲರು ಅನ್ನಬಹುದು. ಕಾಕಿಗೆ ಮೆಮೊ ಕೊಡಬಹುದು. ಅವಳ ನೌಕರಿ ಇನ್ನೂ ಎರಡು ವರ್ಷ ಉಳಿದಿತ್ತು.

ಹತ್ತಿ ಹಿಡಿದ ಕೈ ಕಲ್ಲಿನ ಹತ್ತಿರ ಹೋಗಿ ನಿಂತಿತು. ಅವನಿಗೆ ಚಂಪಾಳ ಜರ್ನಲ್ಲು ನೆನಪಾಯಿತು. ಚಂಪಾ ಹಗಲು ಫೋರ್ಟಿನ ಆಫೀಸಿನಲ್ಲಿ ಟೈಪು ಮಾಡಿ ಸಂಜೆ ತರಗತಿಗೆ ಬರುವ ಹುಡುಗಿ. ಸೋಮವಾರ ಮೂರನೇ ನಂಬರಿನಲ್ಲಿ ಇದೇ ಪ್ರಯೋಗವನ್ನು ಎರಡು ಗ್ರಾಂ ಹರಳಿನಿಂದ ಮಾಡಿ 36.7 ಎಂದು ಬರೆದಿದ್ದಳು. ರಮಾನಾಥ ಸರ್ ಕೆಂಪು ಶಾಯಿಯಲ್ಲಿ 'ನಿಷ್ಕಾಳಜಿ, ಮತ್ತೆ ಮಾಡು' ಎಂದು ಗೀಚಿದ್ದರು. ಅದೇ ಪೆಟ್ಟಿಗೆಯಿಂದ ತೂಗಿದ ಉಳಿದವರೆಲ್ಲ ಪಕ್ಕದವರನ್ನು ನೋಡಿ ಮೂವತ್ತಾರು ಬರೆದು ಪಾರಾಗಿದ್ದರು. ಬಂದದ್ದನ್ನೇ ಬರೆದವಳು ಅವಳೊಬ್ಬಳು. ಜರ್ನಲ್ಲನ್ನು ಮರಳಿ ಕಪಾಟಿನಲ್ಲಿಟ್ಟು, ಯಾರಿಗೂ ಮುಖ ತೋರಿಸದೆ ಮೆಟ್ಟಿಲಿಳಿದು ಹೋಗಿದ್ದಳು.

ಸಾಯಬಣ್ಣ ಹತ್ತಿಯನ್ನು ಕೆಳಗಿಟ್ಟ.

ರಮಾನಾಥ ಸರ್ ನಾಲ್ಕೂವರೆಗೆ ಬಂದರು. ಮಂಗಳೂರಿನ ಕಡೆಯವರು, ಬಾಗಿಲಲ್ಲೇ ಛತ್ರಿ ಕೊಡವಿ ಮಾತು ಶುರು ಮಾಡುವ ಅಭ್ಯಾಸ. ಸಾಯಬಣ್ಣ ಅವರನ್ನು ತಕ್ಕಡಿಯ ಮುಂದೆ ಕೂರಿಸಿದ. ಹತ್ತಕ್ಕೆ ಎದುರಾಗಿ ಐದು, ಎರಡು, ಎರಡು, ಒಂದು ಇಟ್ಟು ತೋರಿಸಿದ. ಆಮೇಲೆ ಕಲ್ಲನ್ನು ತಿರುಗಿಸಿದ.

ಸರ್ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. "ಎಂತ ಮಾರಾಯ ಇದು?"

ಸಾಯಬಣ್ಣ ತನ್ನ ವಹಿಯನ್ನು ಮುಂದೆ ಇಟ್ಟ. ಷರಾದ ಅಂಕಣದಲ್ಲಿ ಬರೆದಿದ್ದ: ಹತ್ತು ಗ್ರಾಂ ತೂಕದ ತಳದಲ್ಲಿ ಹೊರಗಿನ ವಸ್ತು, ಇಪ್ಪತ್ತು ಮಿಲಿಗ್ರಾಂ.

"ಹೊರಗಿನ ವಸ್ತು ಅಂದ್ರೆ ಎಂತದು? ಹೆಸರಿಲ್ಲವಾ ಅದಕ್ಕೆ? ಕೆಮಿಸ್ಟ್ರಿಯಲ್ಲಿ ಹೆಸರು ಬರೀಬೇಕು."

ಸಾಯಬಣ್ಣ ಆ ಮಾತುಗಳ ಮೇಲೆ ಗೆರೆ ಎಳೆದು 'ಕುಂಕುಮ' ಎಂದು ಬರೆದ.

"ಯಾರು ಹಚ್ಚಿದ್ದು?"

"ಚಾವಿ ನನ್ನ ಹತ್ರ ಇತ್ರಿ ಸರ. ಖಂಡೇನವಮಿ ದಿವಸ ನಾನು ಅದನ್ನ ಬಿಟ್ಟು ಹೊರಗ ಹೋಗಿದ್ದೆ. ತಪ್ಪು ನಂದ."

"ನಾನು ಚಾವಿ ಕೇಳಿದ್ದಲ್ಲ."

"ನಾನ ಹಚ್ಚೀನ್ರಿ," ಎಂದಳು ರುಕ್ಮಿಣಿಬಾಯಿ ಬಾಗಿಲಿನಿಂದ. ಅವಳು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. "ಹುಡುಗ ಸುಳ್ಳ ಹೇಳಲಕ ಬರಲಾರದವ, ನಡು ನಡು ತಡವರಿಸ್ತಾನ. ಬೈಯೂದಿದ್ರ ನನಗ ಬೈರಿ."

"ಬರಿಗೈಯಲ್ಲಿ ಎತ್ತಿದಿರಾ ಬಾಯಿ?"

"ಕೈ ತೊಳಕೊಂಡ ಎತ್ತೀನ್ರಿ. ಪೂಜಾ ಮಾಡಾಕಿ, ಹಂಗ ಮುಟ್ತೀನೇನು?"

"ಅಲ್ಲ, ಇವನ ಪೆಟ್ಟಿಗೆಗೆ ಮಾತ್ರ ಯಾಕೆ? ನನ್ನ ತಕ್ಕಡಿ ಎಂತ ಪಾಪ ಮಾಡಿತ್ತು?"

"ನಿಮಗ್ಯಾತಕ್ರಿ? ನೀವು ಆಗಲೇ ಸಾಹೇಬ್ರ ಆಗೀರಿ."

ಸರ್ ನಗೆ ತಡೆಯಲು ಕನ್ನಡಕ ಒರೆಸಿಕೊಂಡರು. ಆಮೇಲೆ ಸಾಯಬಣ್ಣನ ಕಡೆ ತಿರುಗಿದರು. "ಒರೆಸಿ ಸುಮ್ಮನಿರಬಹುದಿತ್ತಲ್ಲ ನೀನು."

"ಚಂಪಾ ಅನ್ನೋ ಹುಡುಗಿ ಜರ್ನಲ್ಲು ಅದರಿ ಸರ. ಆಕೀದೇನೂ ತಪ್ಪಿಲ್ಲ."

ರಮಾನಾಥ ಸರ್ ಕಪಾಟಿನಿಂದ ಆ ಜರ್ನಲ್ಲನ್ನು ತೆಗೆಸಿ, ತಮ್ಮದೇ ಕೆಂಪು ಗೆರೆಗಳ ಮೇಲೆ ಕಪ್ಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಕೆಳಗೆ 'ತೂಕದ ಪೆಟ್ಟಿಗೆಯ ದೋಷ. ವಿದ್ಯಾರ್ಥಿನಿ ನೋಡಿದ್ದನ್ನು ಸರಿಯಾಗಿ ಬರೆದಿದ್ದಾಳೆ' ಎಂದು ಬರೆದು ಸಹಿ ಹಾಕಿದರು. ಸ್ಪಿರಿಟ್ಟಿನ ಹತ್ತಿಯನ್ನು ತಾವೇ ತೆಗೆದುಕೊಂಡು ಕಲ್ಲನ್ನು ಒರೆಸಿದರು. ಹತ್ತಿ ಕೆಂಪಾಯಿತು. ಮತ್ತೆ ಹತ್ತಕ್ಕೆ ಹತ್ತು ಇಟ್ಟಾಗ ಮುಳ್ಳು ನಡುವಿನಲ್ಲಿ ನಿಂತಿತು.

"ಪ್ರಿನ್ಸಿಪಾಲರಿಗೆ ನಿನ್ನ ವಹಿಯ ಈ ಪುಟವನ್ನೇ ತೋರಿಸ್ತೇನೆ," ಎಂದರು. "ಚಾವಿಯ ಮಾತೂ ಬರೆದಿಡು. ಎಲ್ಲ ಬರೀ. ಆದರೆ ಶನಿವಾರದ ಪರೀಕ್ಷೆ ಉಂಟು, ಅದನ್ನು ನಾನು ತಪ್ಪಿಸುವುದಿಲ್ಲ."

ಶನಿವಾರ ಪ್ರಿನ್ಸಿಪಾಲರು ಎರಡು ತಾಸು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಮೊದಲು ಆ ಪುಟವನ್ನು ಓದಿದರು, ಕುಂಕುಮ ಎಂಬಲ್ಲಿ ತಡೆದು ಇನ್ನೊಮ್ಮೆ ಓದಿದರು. "ಇನ್ನು ಚಾವಿ ನಿನ್ನ ಸೊಂಟದಲ್ಲಿರಲಿ," ಎಂದಷ್ಟೇ ಹೇಳಿದರು. ಸಾಯಬಣ್ಣ ತೂಗಿದ, ಕಾಸಿದ, ಆರಿಸಿದ, ತೂಗಿದ. ಉಸಿರು ಬಿಡುವುದನ್ನು ನಡುವೆ ಸರ್ ನೆನಪಿಸಬೇಕಾಯಿತು. ಒಂದು ಗ್ರಾಮಿಗೆ 36.1. ಎರಡಕ್ಕೆ 36.0. ಮೂರಕ್ಕೆ 36.1. ಪ್ರಿನ್ಸಿಪಾಲರು ಕಾಗದಕ್ಕೆ ಸಹಿ ಮಾಡಿ ಎದ್ದರು.

ರುಕ್ಮಿಣಿಬಾಯಿ ಹೊರಗೆ ಮೆಟ್ಟಿಲ ಮೇಲೆ, ಕಸಬರಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳು. ಸಾಯಬಣ್ಣ ಅವಳ ಪಕ್ಕದಲ್ಲಿ ಬಂದು ಕೂತ.

"ಕೊಟ್ರೇನು ಕೆಲಸ?"

"ಕೊಟ್ರು ಕಾಕಿ."

ಅವಳು ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು, ಮೂವತ್ತು ದಾಟಿದ ಗಂಡಸು ಎಂಬುದನ್ನೂ ಲೆಕ್ಕಿಸದೆ. "ಎಷ್ಟ ಬಂತು?"

"ಮೂವತ್ತಾರು."

"ಗುರುವಾರನೇ ಹೇಳಿದ್ದೆ ನಿನಗ," ಎಂದಳು ರುಕ್ಮಿಣಿಬಾಯಿ.