ಪುಟ್ಟಿಯ ಪುಸ್ತಕದ ಟಿ ಪುಟ

ಎಲ್ಲಿಂದ ಶುರು ಮಾಡಲಿ? ಕೆಟ್ಟ ಕಾರೊಂದನ್ನು ಬಾಲದಂತೆ ನೇತುಹಾಕಿಕೊಂಡು ಮಹದೇವನ ಟೋಯಿಂಗ್ ಗಾಡಿ ಚಾಮರಾಜನಗರದ ಆಸ್ಪತ್ರೆಯೊಳಕ್ಕೆ ನುಗ್ಗಿದ್ದರಿಂದಲೋ, ಐದು ವರ್ಷದ ಹಿಂದೆ ಅವನು ಮಗಳಿಗೆ ಕೊಟ್ಟ ಮಾತಿನಿಂದಲೋ? ಸದ್ದು ಮೊದಲನೆಯದರಲ್ಲಿ ಹೆಚ್ಚು. ಇರಲಿ, ಮಾತೇ ಮುಂದೆ ಬರಲಿ.

"ಇಂಗ್ಲಿಷ್ ಡಿಕ್ಷನರಿ ತಂದ್ಕೊಡ್ತೀನಿ ಕಣಮ್ಮಿ. ನಾಳೀಕೆ ಟೌನ್‌ಗೋದಾಗ."

(ಗುಂಡ್ಲುಪೇಟೆ ಟೌನಿಗೆ ಅವನು ದಿನಾ ಹೋಗುತ್ತಾನೆ. ಗಾಡಿ ನಿಲ್ಲಿಸುವುದೇ ಅಲ್ಲಿ.)

೧

ಪುಟ್ಟಿ ಒಂದು ವರ್ಷ ಕಾದು, ಡಿಕ್ಷನರಿಯನ್ನು ತಾನೇ ಮಾಡತೊಡಗಿದಳು. ಹಳೆಯ ನೋಟ್‌ಬುಕ್ಕಿನಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಪುಟ. ಪದಗಳು ಬಸ್ಸಿನ ಬೋರ್ಡಿನಿಂದ, ಅಪ್ಪನ ಗಾಡಿಯ ಬಾಗಿಲಿನಿಂದ, ಹೊಲಕ್ಕೆ ಹೊಡೆಯುವ ಔಷಧಿಯ ಕ್ಯಾನಿನಿಂದ. ಹೊಸ ಕ್ಯಾನು ಬಂದ ದಿನವೇ ಲೇಬಲ್ ಕಿತ್ತುಬಿಡುವುದು ಅವಳ ಅಜ್ಜಿ ಮೂಗಮ್ಮನ ಪದ್ಧತಿ. ಖಾಲಿಯಾದ ಮೇಲೆ ಅದು ನೀರಿನ ಕ್ಯಾನು ತಾನೆ? "ಬುರುಡೆ ಚಿತ್ರ ನೋಡ್ಕಂಡು ಯಾರು ನೀರ್ ಕುಡ್ದಾರು?" ಕಿತ್ತ ಲೇಬಲ್ಲು ಮೊಮ್ಮಗಳ ಪಾಲು.

೨

ತೆರಕಣಾಂಬಿ ಹತ್ತಿರದ ಅರಿಶಿನದ ಹೊಲ, ಭಾನುವಾರ. ಬದುವಿನ ಮೇಲೆ ಎರಡು ಬಿಳಿ ಕ್ಯಾನು. ಮಹದೇವನ ಅಪ್ಪ ದೊಡ್ಡಮಲ್ಲಪ್ಪ ಬಾಯಾರಿ ಬಂದು, ಎತ್ತಬಾರದ್ದನ್ನು ಎತ್ತಿದ. ಒಂದೇ ಗುಟುಕು.

ಮೊದಲ ಡ್ರಾಫ್ಟಿನಲ್ಲಿ ಮುದುಕ ಬದುವಿನಲ್ಲೇ ತೀರಿಕೊಂಡಿದ್ದ. ನಾನು ಚೆನ್ನಾಗಿಯೇ ಬರೆದಿದ್ದೆ. ಮಹದೇವ ಒಪ್ಪಲಿಲ್ಲ.

"ಮೇಡಮ್ಮೋರೆ, ನಿಮ್ಗೇನು, ಹಾಳೆ ಹರ್ದಾಕ್ಬುಟ್ಟು ಇನ್ನೊಂದ್ ತಕ್ಕತೀರಿ. ನಂಗಿರೋದು ಒಬ್ಬ್ನೇ ಅಪ್ಪ. ಗಾಡಿ ಓಡುಸ್ಲಾ ಬ್ಯಾಡ್ವಾ?"

"ಓಡಿಸಪ್ಪ."

೩

ಫೋನು ಬಂದಾಗ ಅವನು ಬಂಡೀಪುರದಲ್ಲಿ ಕೆಟ್ಟುನಿಂತ ಕೇರಳದ ಕಾರೊಂದನ್ನು ಎಳೆದು ತರುತ್ತಿದ್ದ. ಕೊಂಡಿ ಬಿಚ್ಚಲು ಪುರುಸೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದ ಕಾರಿನವನು "ವೇಗಂ ಪೋ" ಎಂದನಷ್ಟೆ. ಹೊಲ ಬಂದಾಗ ಸರಿದು ಮುದುಕನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. (ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.) ಮೂಗಮ್ಮ ಕ್ಯಾನು ಹಿಡಿದು, ಪುಟ್ಟಿ ನೋಟ್‌ಬುಕ್ಕು ಹಿಡಿದು ಹಿಂದೆ ಹತ್ತಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಯಾವ ಔಷಧಿ?"

ಮೂಗಮ್ಮ ಕ್ಯಾನು ಚಾಚಿದಳು. ಹಾಲಿನಂತೆ ಬೆಳ್ಳಗಿತ್ತು. ಡಾಕ್ಟರು ತಿರುಗಿಸಿ ತಿರುಗಿಸಿ ನೋಡಿದರು.

"ಲೇಬಲ್ ನನ್ ತಾವ ಇದೆ," ಎಂದಳು ಪುಟ್ಟಿ.

ಟಿ ಪುಟ:

ಟೌನ್: ಅಪ್ಪ ನಾಳೆ ಹೋಗುವ ಊರು.
ಟೋಯಿಂಗ್: ಕೆಟ್ಟುನಿಂತದ್ದನ್ನು ಬಿಟ್ಟುಬರದೆ ಕರೆದುಕೊಂಡು ಬರುವುದು.
ಟಾಕ್ಸಿಕ್: ತಾತ ಮುಟ್ಟಬೇಡ ಅನ್ನುವುದು.

ಕೊನೆಯದರ ಕೆಳಗೆ, ಅನ್ನದ ಅಗುಳಿನಿಂದ ಅಂಟಿಸಿದ, ಅದೇ ಕ್ಯಾನಿನ ಇಡೀ ಲೇಬಲ್ಲು. ಔಷಧಿಯ ಹೆಸರು, ವಿಷವೇರಿದರೆ ಕೊಡಬೇಕಾದ ಇಂಜೆಕ್ಷನ್ನಿನ ಹೆಸರು.

ಇಲ್ಲಿ ನನ್ನ ಪೆನ್ನು ನಿಂತಿತು. ಇಷ್ಟು ವರ್ಷ ಬರೆದವಳು ನಾನು, ಒಂದು ಪದವೂ ಯಾರ ಉಸಿರನ್ನೂ ಹೀಗೆ ಹೋಗದಂತೆ ಹಿಡಿದಿದ್ದನ್ನು ಕಂಡಿರಲಿಲ್ಲ. ಡಾಕ್ಟರು ಎರಡೇ ಸಾಲು ಓದಿ ಓಡಿದರು.

೪

ಮೂರನೆಯ ದಿನ ದೊಡ್ಡಮಲ್ಲಪ್ಪ ಕಣ್ಣುಬಿಟ್ಟು, "ಆ ಕಾರ್‌ನೋನು ಉಂಡ್ನಾ?" ಎಂದು ಕೇಳಿದ.

ಬೇರೆ ಕೊನೆಯೂ ಬರೆದು ನೋಡಿದೆ: ಅಂದಿನಿಂದ ಊರಲ್ಲಿ ಯಾರೂ ಲೇಬಲ್ ಕೀಳಲಿಲ್ಲ. ಮೂಗಮ್ಮ ಓದಿಸಿಕೊಂಡು ನಕ್ಕಳು. "ಬರ್ಕಳಿ ಬುಡಿ."

ಮುಂದೇನಾಯಿತು ಎಂದು ನನ್ನನ್ನು ಕೇಳಬೇಡಿ. ಪುಟ್ಟಿ ಈಗ ಯು ಪುಟದಲ್ಲಿದ್ದಾಳೆ, ನನಗಿಂತ ಮುಂದೆ.

ಮಹದೇವ ಡಿಕ್ಷನರಿ ತರಲಿಲ್ಲ.