ಚಿಕ್ಕಿಯ ಮನೆಯ ಪಟ

ಒಂದು ಊರಿನಲ್ಲಿ ಒಬ್ಬನಿದ್ದನಂತೆ, ಅವನಿಗೆ ಮೂರು ಕಣ್ಣಂತೆ. ಎರಡು ಮುಖದಲ್ಲಿ, ಮೂರನೆಯದು ಕೊರಳಪಟ್ಟಿಯಿಂದ ಇಳಿದು ಹೊಟ್ಟೆಯ ಮೇಲೆ ತೂಗುತ್ತಿತ್ತಂತೆ. ಮುಖದ ಕಣ್ಣು ಕಂಡದ್ದನ್ನು ಊರಿನವರು ನಂಬುತ್ತಿರಲಿಲ್ಲ, ಹೊಟ್ಟೆಯ ಮೇಲಿನದು ಕಂಡದ್ದನ್ನು ಮಾತ್ರ ನಂಬುತ್ತಿದ್ದರು. ಆದರೆ ಆ ಕಣ್ಣು ಒಂದು ರೋಲು ನುಂಗಿದರೆ ಎಂಟೇ ಸಲ ರೆಪ್ಪೆ ಬಡಿಯುವುದು. ಆ ಊರು ಕುಂದಾಪುರ. ಇಸವಿ ಅರವತ್ತೊಂಬತ್ತು. ಅವನ ಹೆಸರು ಸೂರ, ಮತ್ತು ಅವನು ಆಗ ಬೈಗುಳ ತಿನ್ನುತ್ತಿದ್ದ.

"ಏಳಾ ಬೋಳಿಮಗ್ನೆ! ಆ ಕುರ್ಚಿ ಯಾರಿಗ್ ಹಾಕದ್ದ್ ಗೊತ್ತಿತ್ತಾ ನಿಂಗೆ?"

ಕೆರಾಡಿಯ ಚಂದಯ್ಯ ಶೆಟ್ಟರ ದನಿ ಮಂತ್ರಿಗಳ ಸಭೆಯ ಮುಂದಿನ ಸಾಲಿಗೆಲ್ಲ ಕೇಳಿಸಿತು.

"ಪೇಪರಿನವ್ರಿಗೆ ಅಂದ್ಹೇಳಿ ಚೀಟಿ ಇತ್ತಲ್ಲ ಒಡೇರೆ. ನಾನೂ ಪೇಪರಿಗೆ ಪಟ..."

"ನಿನ್ನಪ್ಪ ನಮ್ ಹಟ್ಟಿ ಗೊಬ್ರ ಹೊತ್ತವ. ನೀ ಯಾವ್ ಪೇಪರಾ? ಭೋಜರಾಜಾ, ಬಾ ಮಗಾ, ಕೂಕೋ."

ಭೋಜರಾಜ ಶೆಟ್ಟರ ತಂಗಿಯ ಮಗ. ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವ. ಪ್ಯಾಂಟಿನ ಮಡಿಕೆ ಕೆಡದ ಹಾಗೆ ಕುಳಿತ. ಸೂರ ಬಿಸಿಲಿಗೆ ಹೋಗಿ ನಿಂತ.

ಬಿಸಿಲು ಅವನನ್ನು ಸುಡಲಿಲ್ಲ. ಸುಟ್ಟದ್ದು ಭೋಜರಾಜನ ಚರ್ಮದ ಚೀಲ, ಬೆಳ್ಳಿತಟ್ಟೆಯಂಥ ಫ್ಲ್ಯಾಶು, ಕೆಮರಾದ ಕನ್ನಡಿಯ ಮೇಲಿನ ಧೂಳನ್ನು ಮಗುವಿನ ಕಣ್ಣಿಗೆ ಊದುವ ಹಾಗೆ ಅವನು ಊದುವ ಬಗೆ. ಎಲ್ಲಕ್ಕಿಂತ ಹೆಚ್ಚಾಗಿ ಸುಟ್ಟದ್ದು ಅವನ ಹೆಸರು. ಸೂರನಿಗೆ ಪಟ ತೊಳೆಯಲು ಕತ್ತಲೆಕೋಣೆ ಇರಲಿಲ್ಲ. ರೋಲನ್ನು ಭೋಜರಾಜನ ಸ್ಟುಡಿಯೋಕ್ಕೇ ಕೊಡಬೇಕು. ಅಲ್ಲಿ ಒಣಗಿದ ಪಟದ ಬೆನ್ನಿಗೆ ಭೋಜರಾಜ ತನ್ನ ರಬ್ಬರ್ ಮೊಹರು ಒತ್ತುವನು. ಮಂಗಳೂರು ಬಸ್ಸಿನಲ್ಲಿ ಲಕೋಟೆ ಹೋಗುವುದು. ಪೇಪರಿನವರು ಬೆನ್ನು ತಿರುಗಿಸಿ ಮೊಹರಿನ ಹೆಸರನ್ನೇ ಅಚ್ಚು ಹಾಕುವರು. ನೆರೆಯಲ್ಲಿ ಕುತ್ತಿಗೆಮಟ್ಟ ನಿಂತು ಸೂರ ತೆಗೆದ ಪಟದ ಕೆಳಗೂ ಭೋಜರಾಜ. ಆ ನಾಲ್ಕಕ್ಷರವನ್ನು ಚಾ ಅಂಗಡಿಯ ಹಳೇ ಪೇಪರಿನಲ್ಲಿ ಕಂಡರೂ ಸಾಕು, ಅವನು ಅದರ ಮೇಲೆಯೇ ಲೋಟ ಇಡುತ್ತಿದ್ದ.

ಮರುದಿನ ಚಿಕ್ಕಿ ಬಂದಳು. ಅಬ್ಬೆಯ ತಂಗಿ ಜಲಜ, ಕೆರಾಡಿಯಲ್ಲಿ ಹಾಡಿಯ ಮರಗಳಂಚಿನಲ್ಲಿ ಇರುವವಳು, ತಲೆಮಾರಿನಿಂದ ಶೆಟ್ಟರಿಗೆ ಕಟ್ಟುಬಿದ್ದ ಮೂಲದ ಆಳು. ಅಷ್ಟು ದೂರ ನಡೆದೇ ಬಂದವಳು ನೀರನ್ನೂ ಕೇಳಲಿಲ್ಲ.

"ಮಗಾ, ನಮ್ ಮನಿ ಇಪ್ಪ ಜಾಗಿ ಒಡೇರ್ ಶಾಲಿ ಕಟ್ಟುಕ್ ದಾನ ಕೊಡ್ತ್ರಂಬ್ರ್. ಬರೀ ಹಾಡಿ, ಯಾರೂ ಇಲ್ಲೆ ಅಂದ್ಹೇಳಿ ಬರ್ಸಿರಂಬ್ರ್. ಹಂಗಾರೆ ನಮ್ಮಜ್ಜಿ ಉಂಡದ್ದೆಲ್ಲಿ, ನಾ ಹೆತ್ತದ್ದೆಲ್ಲಿ?"

"ತಾಸಿಲ್ದಾರ್ರಿಗೆ ಹೇಳ್ಲಿಲ್ಯಾ ಚಿಕ್ಕಿ?"

"ನಮ್ ಬಾಯಿ ಮಾತ್ ಯಾರ್ ಕೇಂತ್ರಾ? ಒಂದ್ ಪಟ ತೆಗಿ. ಮನಿ, ಒಲಿ, ನಾವ್ ಐದ್ ಜನ. ತಕಂಡ್ಹೋಯಿ ಅವ್ರ್ ಮೇಜಿನ್ ಮೇಲ್ ಇಡ್ತೆ. ಪಟ ಸುಳ್ಳ್ ಹೇಳ್ತಿಲ್ಲೆ ಅಲ್ದಾ?"

"ನಾಳಿಗೆ ಬತ್ತೆ. ದೇವ್ರಾಣಿ."

"ನಾಳಿಗೇ ಬರ್ಕ್ ಕಾಣ್. ನಾಡ್ದ್ ಒಡೇರ್ ಆಳ್ ಬತ್ತ್ರಂಬ್ರ್."

ಮರುದಿನ ಬೆಳಿಗ್ಗೆ ಸೂರ ಹೊಸ ರೋಲು ತುಂಬಿಸಿ ವಂಡ್ಸೆಯ ಬಸ್ಸು ಹತ್ತಿದ್ದೂ ಹೌದು. ಹೆಮ್ಮಾಡಿಯ ತಿರುವಿನಲ್ಲಿ ಬಸ್ಸು ನಿಂತಾಗ ಭೋಜರಾಜನ ಸ್ಕೂಟರು ಸರ್ರನೆ ಪಕ್ಕದಲ್ಲೇ ಹಾದು ಬಡಗು ದಿಕ್ಕಿಗೆ ಓಡಿತು.

"ಹ್ವಾಯ್, ಸ್ಟುಡಿಯೋ ಶೆಟ್ರ್ ಎಲ್ಲಿಗ್ ಹೋತ್ರ್ ಅಷ್ಟ್ ಅರ್ಜೆಂಟ್?" ಎಂದು ಯಾರೋ ಕೇಳಿದರು.

"ತ್ರಾಸಿ ಕಡಲಿಗೆ ತಿಮಿಂಗ್ಲ ಬಿದ್ದಿತಂಬ್ರಲೆ!" ಎಂದ ಕಂಡಕ್ಟರು.

ಸೂರ ಎದ್ದು ಬಾಗಿಲ ಕಡೆಗೆ ಸರಿದ. ಚಿಕ್ಕಿಗೆ ಒಂದು ಪಟ ಸಾಕಲ್ಲ, ಎಂದುಕೊಂಡ. ಮಧ್ಯಾಹ್ನದ ಬಸ್ಸಿಗೆ ಕೆರಾಡಿ ದಾರಿ ಹಿಡಿದರಾಯಿತು. ಅವನು ಇಳಿದುಬಿಟ್ಟ.

ತ್ರಾಸಿಯ ಮರಳಿನಲ್ಲಿ ಕಡಲು ಕಕ್ಕಿದ ಕರಿಗುಡ್ಡದಂತೆ ಮೀನು ಬಿದ್ದಿತ್ತು. ಮೊಗವೀರ ಹೆಂಗಸರು ಅದರ ಹಣೆಗೆ ಕುಂಕುಮ ಇಟ್ಟಿದ್ದರು. ಸೂರ ಏಳು ಸಲ ಒತ್ತಿದ. ಎಂಟನೆಯದನ್ನು ಚಿಕ್ಕಿಗೆಂದು ಉಳಿಸಿ ಡಬ್ಬಿ ಕೆಮರಾವನ್ನು ಅಂಗಿಯೊಳಗೆ ಸೇರಿಸಿದ. ಆಗ ಭೋಜರಾಜ ಇಬ್ಬರ ಹೆಗಲ ಮೇಲೆ ನಿಂತು ಮೇಲಿನಿಂದ ಫ್ಲ್ಯಾಶು ಹೊಡೆದ. ಜನ ಹೋ ಎಂದಿತು. ಆ ಹೋ ಎನ್ನುವುದನ್ನು ಸೂರನಿಗೆ ತಡೆಯಲಾಗಲಿಲ್ಲ. ಅಲೆಯಲ್ಲೇ ಅಂಗಾತ ಮಲಗಿ, ಮೀನಿನ ಬಾಯಿಯ ಕೆಳಗೆ ಜಾರಿ, ಆಕಾಶಕ್ಕೆ ಕಟ್ಟಿದ ಚಪ್ಪರದಂಥ ಆ ದವಡೆಯನ್ನು ತೆಗೆದ. ಎಂಟು ಮುಗಿಯಿತು.

ಊರಿನಲ್ಲಿ ಮತ್ತೊಂದು ರೋಲು ಸಿಗುವಾಗ ಎರಡು ದಿನ ಕಳೆದಿತ್ತು. ದವಡೆಯ ಪಟ ಮುಖಪುಟದಲ್ಲಿ ಬಂದಿತು. ಕೆಳಗೆ ಭೋಜರಾಜ.

ಕೆರಾಡಿಯಲ್ಲಿ ಮನೆ ಇರಲಿಲ್ಲ. ಗೋಡೆಯ ಮಣ್ಣನ್ನು ಹರವಿ, ಮೇಲೆ ನೀರು ಹೊಯ್ದು ತುಳಿದಿದ್ದರು. ಗೇರುಮರದ ಬುಡದಲ್ಲಿ ಚಿಕ್ಕಿ, ಅವಳ ಗಂಡ ಐತ, ಕಣ್ಣು ಕಾಣದ ಅತ್ತೆ, ಇಬ್ಬರು ಹೆಣ್ಣುಮಕ್ಕಳು ಕುಳಿತಿದ್ದರು.

"ಬಂದ್ಯಾ? ಆ ದಿನ ನೆಲ ಸಾರ್ಸಿ, ಪಟಕ್ಕಂದ್ಹೇಳಿ ಎಲ್ರೂ ಮಿಂದ್ ಕೂಕಂಡಿದ್ದಿತ್. ಹೊತ್ತ್ ಕಂತುವರಿಗೂ."

"ತ್ರಾಸಿಗ್ ಹೋದೆ ಚಿಕ್ಕಿ. ತಿಮಿಂಗ್ಲ ಬಿದ್ದಿತ್ತ್."

"ಜೀವ ಇದ್ದಿತ್ತಾ ಅದ್ಕೆ?"

"ಇಲ್ಲೆ. ಸತ್ತದ್ದ್."

"ಸತ್ತ್ ಮೀನ್ ಎಲ್ಲಿಗ್ ಓಡಿ ಹೋತಿತ್ತಾ, ಹೇಲ್ ತಿಂಬವ್ನೆ?"

ಅತ್ತೆ ನಕ್ಕಳು. ಮತ್ತೆ ಯಾರೂ ನಗಲಿಲ್ಲ. ಭೋಜರಾಜನಿಗಿಂತ ಮೊದಲು, ಭೋಜರಾಜನಿಗಿಂತ ಚಂದ, ಎಂದೆಲ್ಲ ಹೇಳಬೇಕೆಂದುಕೊಂಡಿದ್ದ ಸೂರ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ.

"ಬೇಸ್ತವಾರ ಶಾಲಿಗೆ ಅಡಿಗಲ್ಲ್ ಹಾಕುಕ್ ಇತ್ತ್," ಎಂದ ಐತ. "ತಾಸಿಲ್ದಾರ್ರೂ ಬತ್ತ್ರ್."

"ಮನಿಯೇ ಇಲ್ಲೆ, ಇನ್ನ್ ಎಂತ ತೆಗುದ್?"

"ಮನಿ ಇಲ್ದಿರೆ ನಾವಿಲ್ಯಾ?" ಎಂದಳು ಚಿಕ್ಕಿ. "ನೀ ಬಾ. ಹಾದಿಯಂಗ್ ದೇವ್ರೇ ಸತ್ತ್ ಬಿದ್ದಿರೂ ನಿಲ್ಬೇಡ."

ಬೇಸ್ತವಾರ ಸೂರ ಎಲ್ಲರಿಗಿಂತ ಮೊದಲು ಹೋದ. ಚಪ್ಪರ, ಮಾವಿನ ತೋರಣ, ಹೊಂಡ, ಹೊಂಡದ ಪಕ್ಕ ಅರಸಿನ ಹಚ್ಚಿದ ಕಲ್ಲು. ಶೆಟ್ಟರು, ತಾಸಿಲ್ದಾರರು, ಭಟ್ಟರು ಸುತ್ತ ನಿಂತರು. ಭೋಜರಾಜನ ಕೊರಳಲ್ಲಿ ಇನ್ನೂ ಹೊಸದೊಂದು ಕೆಮರಾ. ಸೂರನ ಕಣ್ಣು ತಾನಾಗಿ ಅದರ ಮೇಲೆ ಹೋಗಿ ಕುಳಿತಿತು; ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಭಟ್ಟರು ಮಂತ್ರ ಸುರು ಮಾಡಿದ್ದರಷ್ಟೇ. ಐದು ಜನ ಚಪ್ಪರದೊಳಗೆ ನಡೆದು ಬಂದರು. ಐತ ಶೆಟ್ಟರ ಕುರ್ಚಿಯ ಮುಂದೆ ಗೋಣಿ ಹಾಸಿ, ತನ್ನ ಜಗಲಿಯಲ್ಲಿ ಮಲಗುತ್ತಿದ್ದ ಹಾಗೆಯೇ ಗೋಡೆ ಇದ್ದ ಕಡೆಗೆ ಮಗ್ಗುಲಾದ. ಅತ್ತೆ ಹೆಜ್ಜೆ ಎಣಿಸಿ ನಡೆದು, ಎಂದೂ ಕೂರುವ ಮೂಲೆಯಲ್ಲಿ ಕುಳಿತಳು. ಅಲ್ಲೀಗ ಮೈಕಿನ ಕಂಬವಿತ್ತು, ಅವಳು ಅದಕ್ಕೇ ಬೆನ್ನು ಕೊಟ್ಟಳು. ಹುಡುಗಿಯರು ಬಾಗಿಲಿನ ಜಾಗದಲ್ಲಿ ಕಾಲು ಚಾಚಿದರು. ಚಿಕ್ಕಿ ಹೊಂಡದ ಅಂಚಿಗೆ ಬಂದು ಮೂರು ಕಲ್ಲಿಟ್ಟು, ಮಡಕೆ ಏರಿಸಿ, ಕುಕ್ಕರುಗಾಲಿನಲ್ಲಿ ಕೂತಳು.

"ಎಂತದೇ ಇದ್ ರಂಡೆ!" ಶೆಟ್ಟರು ನುಗ್ಗಿದರು.

ಚಿಕ್ಕಿ ತಲೆಯೆತ್ತಿದಳು. "ಒಡೇರೆ, ಮೆಟ್ಟ್ ಹೊರ್ಗ್ ಕಳ್ಚಿ ಬನ್ನಿ. ನೀವ್ ನಿಂತದ್ ನಮ್ ಅಡ್ಗಿಕೋಣಿ ಒಳ್ಗೆ."

ಭಟ್ಟರು ಬೆಂಕಿ ತುಳಿದವರ ಹಾಗೆ ಹಿಂದಕ್ಕೆ ಹಾರಿದರು. ತಾಸಿಲ್ದಾರರು ಒಮ್ಮೆ ನೆಲ ನೋಡಿದರು, ಒಮ್ಮೆ ಕೈಯಲ್ಲಿದ್ದ ಕಾಗದ.

ಭೋಜರಾಜ ಕೆಮರಾ ಎತ್ತಿದ. ಅವನೂ ಕಸುಬಿನವನೇ, ಎಂಥ ಪಟ ಎದುರಿಗಿದೆ ಎಂದು ಅವನಿಗೆ ಗೊತ್ತಾಗದೆ ಇರಲಿಲ್ಲ.

"ಭೋಜರಾಜಾ! ಕೆಳ್ಗ್ ಹಾಕಾ ಅದ್ನ!" ಮಾವ ಗರ್ಜಿಸಿದರು.

ಅವನ ಕೈ ಇಳಿಯಿತು. ಅವನು ಸೂರನ ಕರಿ ಡಬ್ಬಿಯನ್ನು ನೋಡಿದ ನೋಟ ಸೂರನಿಗೆ ಬಹಳ ವರ್ಷಗಳ ಪರಿಚಯದ್ದು. ಇಂಥದೊಂದು ಗಳಿಗೆಗಾಗಿ ಸೂರ ಎಷ್ಟು ಹಗಲು ಹಲ್ಲು ಕಚ್ಚಿದ್ದನೋ. ಈಗ ಅದನ್ನು ಸವಿಯಲು ಪುರುಸೊತ್ತಿರಲಿಲ್ಲ. ಆಳುಗಳು ಆಚೆಯಿಂದ ಓಡಿ ಬರುತ್ತಿದ್ದರು.

"ಸೂರಾ," ಭೋಜರಾಜ ಪಿಸುಗುಟ್ಟಿದ, "ರೋಲ್ ನಂಗ್ ಕೊಡ್, ತೊಳ್ದ್ ಕೊಡ್ತೆ."

"ಮಂಗ್ಳೂರಿಗ್ ನಾನೇ ಹೋತೆ," ಎಂದ ಸೂರ. ಡಬ್ಬಿಯನ್ನು ಹೊಟ್ಟೆಗೆ ಆನಿಸಿ, ತಲೆ ಬಗ್ಗಿಸಿ, ಉಸಿರು ಹಿಡಿದು ಒತ್ತಿದ.

"ಆಯ್ತಾ ಮಗಾ?" ಚಿಕ್ಕಿ ಮಡಕೆಯಿಂದ ಕೈ ತೆಗೆಯದೆ ಕೇಳಿದಳು.

"ಆಯ್ತ್ ಚಿಕ್ಕಿ. ಮನಿಯವ್ರೆಲ್ಲ ಪಟದಂಗ್ ಬಿದ್ದಿರ್. ಒಡೇರೂ ಬಿದ್ದಿರ್, ಮೆಟ್ಟ್ ಸಮೇತ."