ಸೋಫಾದೊಳಗಿನ ಮರಿ

ಆ ಹುಡುಗಿಯನ್ನು ಬೀದಿಯಲ್ಲಿ ಎಲ್ಲರೂ ಪಟಾಕಿ ಎಂದೇ ಕರೆಯುತ್ತಿದ್ದರು. ಬಾಯಿ ತೆರೆದರೆ ಮುಚ್ಚುವ ಮಾತೇ ಇಲ್ಲ. ಅವಳ ಗೆಳತಿ ಗುಬ್ಬಿ ಇದಕ್ಕೆ ತದ್ವಿರುದ್ಧ. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅದೇ ದೊಡ್ಡದು. ಇಬ್ಬರಿಗೂ ಸೇರಿದ ಗುಟ್ಟೊಂದಿತ್ತು. ಮೋರಿಯಲ್ಲಿ ಸಿಕ್ಕ, ಹಿಂಗಾಲು ಎಳೆದುಕೊಂಡು ನಡೆಯುವ, ಬೂದು ಬಣ್ಣದ ಬೆಕ್ಕಿನ ಮರಿ.

ಗುಬ್ಬಿಯ ತಮ್ಮನಿಗೆ ಉಬ್ಬಸ. ಬೆಕ್ಕು, ನಾಯಿ ಅವರ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಮರಿ ಪಟಾಕಿಯ ಅಪ್ಪನ ಸೋಫಾ ರಿಪೇರಿ ಅಂಗಡಿಯಲ್ಲಿ, ಸ್ಪಾಂಜಿನ ಚೂರುಗಳ ಡಬ್ಬದ ಹಿಂದೆ, ಅಪ್ಪನಿಗೂ ಗೊತ್ತಾಗದ ಹಾಗೆ ಬಿಡಾರ ಹೂಡಿತ್ತು.

"ಹಾಲು ನಾನು ತರ್ತೀನಿ. ನೋಡ್ಕೊಳ್ಳೋದು ನೀನು" ಎಂದಿದ್ದಳು ಗುಬ್ಬಿ.

"ಅಯ್ಯೋ, ನಾನಿರೋವಾಗ ನಿಂಗ್ಯಾಕೆ ಚಿಂತೆ!" ಎಂದು ಪಟಾಕಿ ಎದೆ ತಟ್ಟಿಕೊಂಡಿದ್ದಳು.

ಅಪ್ಪನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಸೋಫಾವನ್ನು ಬೋರಲು ಹಾಕಿ, ತಳಕ್ಕೆ ಕರಿ ಬಟ್ಟೆ ಎಳೆದು ಪಿನ್ನು ಹೊಡೆಯುವ ಮುಂಚೆ ಒಳಗೆಲ್ಲ ಕೈಯಾಡಿಸಿ ನೋಡಬೇಕು. ಕತ್ತರಿ, ಮೊಳೆ, ಒಮ್ಮೆ ಅಪ್ಪನದೇ ಕನ್ನಡಕ, ಹೀಗೆ ಏನಾದರೊಂದು ಒಳಗೆ ಉಳಿದುಬಿಡುತ್ತದೆ. ಅದಕ್ಕೇ ಆ ಬಟ್ಟೆಯನ್ನು ಅಪ್ಪನ ಹೊರತು ಬೇರೆ ಯಾರೂ ಮುಚ್ಚುವಂತಿರಲಿಲ್ಲ.

ಆ ರಜೆಯ ದಿನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಜೋಡಿ ಸೋಫಾ ಹೋಗಬೇಕಿತ್ತು. ಒಂದಕ್ಕೆ ಬಟ್ಟೆ ಹೊಡೆದು ಮುಗಿಸುವಷ್ಟರಲ್ಲಿ ಫೋನು ಬಂತು, ಅಪ್ಪ ಮಾತಾಡುತ್ತ ಹೊರಗೆ ಹೋದ. ಟೆಂಪೋದವನು ಬಂದು ಹಾರ್ನಿನ ಮೇಲೆ ಹಾರ್ನು ಬಾರಿಸತೊಡಗಿದ. ನಮ್ಮ ಪಟಾಕಿಗೆ ಸುಮ್ಮನಿರಲು ಆಗಬೇಕಲ್ಲ! ಅಪ್ಪನಿಗೆ ಸಹಾಯ ಮಾಡುತ್ತೇನೆಂದು ಪಿನ್ನಿನ ಗನ್ನು ಎತ್ತಿಕೊಂಡು ಎರಡನೆಯ ಸೋಫಾದ ತಳಕ್ಕೆ ಚಟ್ ಚಟ್ ಎಂದು ಹೊಡೆದೇಬಿಟ್ಟಳು. ಮೂಲೆಯಲ್ಲಿ ಬಟ್ಟೆ ಸ್ವಲ್ಪ ಉಬ್ಬಿ ಅಲುಗಾಡಿತು. ಸ್ಪಾಂಜು ಜಾರಿರಬೇಕು ಎಂದುಕೊಂಡು ಅಲ್ಲಿಗೂ ಒಂದು ಪಿನ್ನು ಹಾಕಿದಳು. ಓಡಿಬಂದ ಅಪ್ಪ ಗಡಿಬಿಡಿಯಲ್ಲಿ ಎರಡನ್ನೂ ತಾನೇ ಮುಚ್ಚಿದ್ದೆಂದುಕೊಂಡು ಟೆಂಪೋಗೆ ಹೇರಿಸಿದ.

ಟೆಂಪೋ ಆ ಕಡೆ ಹೋಯಿತು, ಹಾಲಿನ ಡಬ್ಬಿ ಹಿಡಿದು ಗುಬ್ಬಿ ಈ ಕಡೆಯಿಂದ ಬಂದಳು. ಡಬ್ಬದ ಹಿಂದೆ ಬಗ್ಗಿ ನೋಡಿದಳು.

"ಎಲ್ಲೇ ಮರಿ?"

ಪಟಾಕಿ ಟೆಂಪೋ ಹೋದ ದಿಕ್ಕಿಗೆ ತಿರುಗಿದಳು. ಅಲುಗಾಡಿದ್ದು ಸ್ಪಾಂಜಲ್ಲ. ಅದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದ ಮೇಲೂ ಅವಳ ಬಾಯಿಂದ ಬಂದದ್ದು ಬೇರೆಯೇ ಮಾತು.

"ಇಲ್ಲೇ ಇತ್ತಲ್ಲ... ಬೀದಿಗೇನಾದ್ರೂ ಹೋಯ್ತೇನೋ."

ಗುಬ್ಬಿ ಡಬ್ಬಿ ಅಲ್ಲೇ ಇಟ್ಟು ಬೀದಿಗೆ ಓಡಿದಳು. ನಿಂತ ಕಾರುಗಳ ಕೆಳಗೆ ಮಂಡಿಯೂರಿ "ಮರೀ, ಮರೀ" ಎಂದು ಕರೆಯತೊಡಗಿದಳು. ಪಟಾಕಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗನ್ನು ಮುಟ್ಟಿದ್ದು ಗೊತ್ತಾದರೆ ಅಪ್ಪ ಬಯ್ಯುತ್ತಾನೆ, ಮರಿ ಸಾಕಿದ್ದಕ್ಕೆ ಇನ್ನೊಂದು ಸುತ್ತು ಬಯ್ಯುತ್ತಾನೆ. ಹೇಳದಿದ್ದರೆ ಅಲ್ಲಿ ಯಾರೋ ಬಂದು ಸೋಫಾದ ಮೇಲೆ ಕೂರುತ್ತಾರೆ. ಸ್ಪ್ರಿಂಗು ಕೆಳಗೆ ಒತ್ತುತ್ತದೆ. ಅದನ್ನು ನೆನೆದದ್ದೇ ತಡ, ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪಾ, ಸೋಫಾದೊಳಗೆ ಬೆಕ್ಕಿನ ಮರಿ ಇದೆ! ನಾನೇ ಬಟ್ಟೆ ಹೊಡೆದೆ, ಕೈಯಾಡಿಸಿ ನೋಡ್ಲಿಲ್ಲ!"

ಅಪ್ಪ ಬಯ್ಯಲಿಲ್ಲ. ಪಿನ್ನು ಕೀಳುವ ಉಳಿ ಜೇಬಿಗಿಳಿಸಿ ಸ್ಕೂಟರು ಹೊರಡಿಸಿದ. ಬೀದಿಯಿಂದ ವಾಪಸು ಬಂದ ಗುಬ್ಬಿ ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಪಟಾಕಿ ಸ್ಕೂಟರು ಹತ್ತಿದಳು, ಅವಳ ಹಿಂದೆ ಗುಬ್ಬಿಯೂ ಹತ್ತಿ ಕೂತಳು.

ಕ್ಲಿನಿಕ್ಕಿನಲ್ಲಿ ಒಂದು ಸೋಫಾ ಖಾಲಿ ಇತ್ತು. ಅಪ್ಪ ಬಗ್ಗಿ ಅದರ ತಳ ನೋಡಿದ, ಪಿನ್ನುಗಳು ನೇರ ಸಾಲಾಗಿದ್ದವು, ಅದು ಅವನೇ ಹೊಡೆದದ್ದು. ಇನ್ನೊಂದರ ಮೇಲೆ ದಢೂತಿ ಆಸಾಮಿಯೊಬ್ಬ ಕೆನ್ನೆ ಹಿಡಿದುಕೊಂಡು, ನೋವಿಗೆ ಮುಂದಕ್ಕೂ ಹಿಂದಕ್ಕೂ ತೂಗುತ್ತ ಕೂತಿದ್ದ. ಅವನು ತೂಗಿದಾಗಲೆಲ್ಲ ಸ್ಪ್ರಿಂಗು ಕಿರ್ ಎನ್ನುತ್ತಿತ್ತು. ಒಳಗೆ ಹಲ್ಲು ಕೊರೆಯುವ ಸದ್ದು. ಮರಿ ಕೂಗಿದರೂ ಕೇಳುವಂತಿರಲಿಲ್ಲ.

"ಸ್ವಲ್ಪ ಏಳ್ತೀರಾ, ಸಾರ್?" ಅಪ್ಪ ಕೇಳಿದ.

"ಹಲ್ಲುನೋವಲ್ಲಿ ಪ್ರಾಣ ಹೋಗ್ತಿದೆ, ಏಳು ಅಂತೀಯಲ್ಲಪ್ಪ! ಆ ಕಡೆ ಒಂದು ಖಾಲಿ ಇಲ್ವಾ?"

"ಗಲಾಟೆ ಮಾಡ್ಬೇಡಿ, ಡಾಕ್ಟರು ಒಳಗಿದ್ದಾರೆ" ಎಂದು ಮೇಜಿನ ಹಿಂದಿದ್ದ ಹೆಂಗಸು ಗದರಿದಳು.

"ಏಳ್ರೀ ಮೇಲೆ!"

ಕೂಗಿದ್ದು ಗುಬ್ಬಿ. ಅವಳ ಗಂಟಲಲ್ಲಿ ಅಷ್ಟು ಸದ್ದಿದೆಯೆಂದು ಪಟಾಕಿಗೇ ಗೊತ್ತಿರಲಿಲ್ಲ. ಆಸಾಮಿ ನೋವು ಮರೆತು ದಡಬಡಿಸಿ ಎದ್ದ.

ಅಪ್ಪ ಸೋಫಾ ಬೋರಲು ಹಾಕಿದ. ಅಡ್ಡಾದಿಡ್ಡಿಯಾಗಿ ಹೊಡೆದ ಪಿನ್ನುಗಳನ್ನು ನೋಡಿದರೆ ಸಾಕಿತ್ತು, ಅದು ಯಾರ ಕೈಕೆಲಸ ಎಂದು ಹೇಳಬೇಕಿರಲಿಲ್ಲ. ಉಳಿ ಹಾಕಿ ಬಟ್ಟೆ ಕಿತ್ತು, ಸ್ಪ್ರಿಂಗುಗಳ ನಡುವೆ ಕೈಯಾಡಿಸಿದ. ಏನೂ ಇಲ್ಲ. ಇನ್ನೊಂದು ಬದಿಯಲ್ಲೂ ಇಲ್ಲ. ಅಪ್ಪ ಮಲಗಿ, ಕೈ ಊರುವ ಬದಿಯ ಪೊಳ್ಳಿನೊಳಗೆ ಭುಜದವರೆಗೂ ತೋಳು ತೂರಿಸಿದ. ನಿಧಾನವಾಗಿ ಹೊರಗೆಳೆದಾಗ ಅಂಗೈಯಲ್ಲಿ ಬೂದು ಮುದ್ದೆಯೊಂದಿತ್ತು. ಕುತ್ತಿಗೆ ಜೋತುಬಿದ್ದಿತ್ತು.

ಗುಬ್ಬಿ ಅದನ್ನು ಎತ್ತಿಕೊಂಡು ಮೂಗಿನ ಮೇಲಿನ ದೂಳು ಒರೆಸಿದಳು, ಬೆನ್ನು ತಿಕ್ಕಿದಳು, ಮತ್ತೆ ಮತ್ತೆ ತಿಕ್ಕಿದಳು. ಕೊನೆಗೆ ಮರಿ ಸೀನಿತು. ಇನ್ನೊಮ್ಮೆ ಸೀನಿ ಕಣ್ಣು ಬಿಟ್ಟಿತು. ಆಸಾಮಿ ಕೆನ್ನೆ ಹಿಡಿದುಕೊಂಡೇ "ಬದುಕ್ತು, ಬದುಕ್ತು" ಎಂದ.

ಪಟಾಕಿ ಗಳಗಳನೆ ಅತ್ತಳು. "ನಂಗೊತ್ತಿರ್ಲಿಲ್ಲ ಕಣೇ, ದೇವರಾಣೆ, ಮುಚ್ಚುವಾಗ ನಂಗೊತ್ತಿರ್ಲಿಲ್ಲ."

"ಮುಚ್ಚುವಾಗ ಗೊತ್ತಿರ್ಲಿಲ್ಲ" ಎಂದಳು ಗುಬ್ಬಿ. "ನಾನು ಬೀದೀಲಿ ಹುಡುಕುವಾಗ ಗೊತ್ತಿತ್ತು."

ಪಟಾಕಿ ಕಣ್ಣೊರೆಸಿಕೊಂಡಳು.

"ಮರಿ ಅಂಗಡೀಲೇ ಇರ್ಲಿ ಬಿಡ್ರಮ್ಮ. ಇನ್ನು ಕದ್ದುಮುಚ್ಚಿ ಸಾಕೋದು ಬೇಡ" ಎಂದ ಅಪ್ಪ.

ಪಟಾಕಿ ಎರಡೂ ಕೈ ಚಾಚಿದಳು. ಗುಬ್ಬಿ ಆ ಕೈಗಳನ್ನು ನೋಡಿದಳು. ಆಮೇಲೆ ಅವಳನ್ನು ದಾಟಿ ಹೋಗಿ ಮರಿಯನ್ನು ಅಪ್ಪನ ಕೈಗೆ ಕೊಟ್ಟಳು.

"ನೀವೇ ನೋಡ್ಕೊಳ್ಳಿ, ಮಾಮ."

ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಪಟಾಕಿ ಬೆನ್ನ ಹಿಂದೆ ಕಟ್ಟಿಕೊಂಡಳು. ಗುಬ್ಬಿ ಬಾಗಿಲವರೆಗೆ ಹೋಗಿ ನಿಂತಳು.

"ನಾಳೆ ಹಾಲು ತರ್ತೀನಿ."

"ನಾನೂ ಅಂಗಡೀಲಿ ಇರ್ಲಾ?" ಪಟಾಕಿಯ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಗುಬ್ಬಿ ಅಪ್ಪನ ಕೈಯಲ್ಲಿದ್ದ ಮರಿಯನ್ನೊಮ್ಮೆ, ಪಟಾಕಿಯನ್ನೊಮ್ಮೆ ನೋಡಿದಳು.

"ಇರು" ಎಂದಳು.